ಸಿಕ್ಕೇ ಬಿಟ್ಟಳು ಅನ್ನುವಷ್ಟು ಹತ್ತಿರ

ಜನವರಿ ೧೩, ಸೋಮವಾರ

ನಮ್ಮ ಬಾಕ್ಸಿಂಗ್ ಗುರು ಪ್ರೊಫೆ ಕ್ಲೊಡೊಮಿರೋ ಇವತ್ತು ನನ್ನ ಬಾಯಿಗೆ ಬೀಗ ಹಾಕಿದರು. "ಮಾರಿಟ್ಸೆಲ್, ನೀನು ಗುದ್ದೋದಕ್ಕಿಂತ ಮಾತಾಡೋದೇ ಜಾಸ್ತಿ ಆಯ್ತು. ಆಯ್ಕೆ ಪಂದ್ಯ ಮುಗಿಯೋವರೆಗೂ ಹೇಳೋದೇನಿದ್ರೂ ಎಲ್ಲಾದ್ರೂ ಬರ್ಕೋ ತಾಯಿ. ನನ್ನ ಕಿವಿಗೆ ಸ್ವಲ್ಪ ರಜ ಕೊಡು" ಅಂದರು. ಗುರುಗಳ ಮಾತು ಮೀರಬಾರದು ಅಂತ ಬರೆಯಲು ಕೂತಿದ್ದೇನೆ. ಓದುವವರು ಯಾರೂ ಇಲ್ಲವಾದ್ದರಿಂದ ನನ್ನನ್ನು ನಾನೇ ಹೊಗಳಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಹೊಗಳಿಕೆಯಿಂದಲೇ ಶುರು ಮಾಡೋಣ. ಕೊಲೋನ್ ಊರಿನಲ್ಲಿ ನನಗಿಂತ ಎತ್ತರದ ಹೆಂಗಸಿಲ್ಲ, ಗಂಡಸರೂ ಅಪರೂಪ. ಬಂದರಿನಲ್ಲಿ ಕಂಟೇನರುಗಳ ನಂಬರು ಸರಿ ಇದೆಯೇ ಎಂದು ನೋಡುವ ಕೆಲಸ ನನ್ನದು. ಅಲ್ಲಿ ಎಲ್ಲರೂ ನನ್ನನ್ನು ಕ್ರೇನು ಅಂತಲೇ ಕರೆಯುವುದು. ರಿಂಗಿನಲ್ಲೂ ನಾನು ಕ್ರೇನೇ. ನಿಂತಲ್ಲೇ ನಿಂತು ಎಡಗೈ ಚಾಚಿದರೆ ಮುಗಿಯಿತು, ಎದುರಿನವಳು ನನ್ನ ಗಲ್ಲ ಮುಟ್ಟುವ ಮೊದಲೇ ಅವಳ ಮೂಗು ಕೆಂಪಾಗಿರುತ್ತದೆ. ಪ್ರೊಫೆ ಇದಕ್ಕೆ ಬಾಕ್ಸಿಂಗ್ ಅನ್ನುವುದಿಲ್ಲ, ಬಟ್ಟೆ ಒಣಗಿಸೋ ಕಂಬ ಅನ್ನುತ್ತಾರೆ. ಗೆಲ್ಲುವ ಕಂಬ ಆದರೆ ತಪ್ಪೇನು? ನಮ್ಮ ಜಿಮ್ಮಿನಲ್ಲಿ ಒಂದು ಸೊಳ್ಳೆ ಇದೆ. ಹೆಸರು ಸುಲೈಕಾ, ಮಳೆ ಬಂದರೆ ನನ್ನ ಕಂಕುಳ ಕೆಳಗೆ ನಿಲ್ಲಬಹುದು. ದಿನವಿಡೀ ಬಾಗುವುದು, ಜಾರುವುದು, ನುಸುಳುವುದು. ಪಾಪ, ದೇವರು ಕೈ ಕೊಡದವರು ಇನ್ನೇನು ಮಾಡಿಯಾರು.

ಈ ಕೈ ನನಗೆ ಕೊಟ್ಟದ್ದು ಅಪ್ಪ. ಅವನು ಕೊಟ್ಟದ್ದು ಅದೊಂದೇ. ನನಗೆ ಏಳು ವರ್ಷವಾಗಿದ್ದಾಗ ಬಾಳೆತೋಟದ ಕೆಲಸ ಅಂತ ಬೋಕಾಸ್ ಕಡೆ ಹೋದ, ಅಲ್ಲೇ ಉಳಿದ. ಅಮ್ಮ ನನ್ನ ಎದೆಯವರೆಗೆ ಬರುತ್ತಾಳೆ, ಅದೂ ಚಪ್ಪಲಿ ಹಾಕಿಕೊಂಡಾಗ.

ಫೆಬ್ರವರಿ ೨೨ಕ್ಕೆ ರಾಜಧಾನಿಯಲ್ಲಿ ಆಯ್ಕೆ. ಎಪ್ಪತ್ತೈದು ಕೆಜಿಗೆ ರಾಷ್ಟ್ರೀಯ ತಂಡದಲ್ಲಿ ಒಂದೇ ಜಾಗ. ಇಪ್ಪತ್ತೇಳು ಆಯಿತು ನನಗೆ, ಮುಂದಿನ ಕ್ರೀಡಾಕೂಟದ ಹೊತ್ತಿಗೆ ಮಂಡಿ ಕೇಳುವುದಿಲ್ಲ. ಇದು ಸಿಕ್ಕರೆ ಟೀವಿಯಲ್ಲಿ ಬರುತ್ತೇನೆ. ಬೋಕಾಸಿನಲ್ಲೂ ಟೀವಿ ಇದೆ. ಅಪ್ಪ ನೋಡಲಿ, ತನ್ನ ಕೈ ಎಲ್ಲಿಗೆ ತಲುಪಿತು ಅಂತ.

ಜನವರಿ ೧೬, ಗುರುವಾರ

ಎದುರಾಳಿ ಯಾರೆಂದು ಗೊತ್ತಾಯಿತು. ಪ್ರೊಫೆ ಫೋನು ಇಟ್ಟವರೇ ಬಹಳ ಹೊತ್ತು ಮೂಗು ತಿಕ್ಕಿಕೊಂಡರು. ಮೂಗು ತಿಕ್ಕಿದರೆ ಕೆಟ್ಟ ಸುದ್ದಿ.

"ಬೋಕಾಸಿನ ಹುಡುಗಿ. ಇಪ್ಪತ್ತು ವರ್ಷ. ಹೆಸರು ವೆರೋನಾ ಗ್ರೆನಾಲ್ಡ್."

ನಾನು ಮಾರಿಟ್ಸೆಲ್ ಗ್ರೆನಾಲ್ಡ್. ಜಿಮ್ಮಿನಲ್ಲಿ ಹಗ್ಗ ಜಿಗಿಯುತ್ತಿದ್ದವರೆಲ್ಲ ನಿಂತುಬಿಟ್ಟರು. ಸೊಳ್ಳೆ ಆಗಲೇ ಫೋನಿನಲ್ಲಿ ಅವಳ ಫೋಟೋ ಹುಡುಕಿ ತೆಗೆದಿದ್ದಳು. ಬಾಗಿಲ ಕೆಳಗೆ ತಲೆ ತಗ್ಗಿಸಿ ನಿಂತಿದ್ದಾಳೆ. ನನ್ನದೇ ಕಿವಿ, ನನ್ನದೇ ಭುಜ, ಮೊಣಕಾಲು ಮುಟ್ಟುವ ನನ್ನದೇ ಕೈ. ಪಕ್ಕದಲ್ಲಿ ಅವಳ ಹೆಗಲ ಮೇಲೆ ತೋಳು ಹಾಕಿಕೊಂಡು ಅಪ್ಪ ಲಿನ್‌ವಿಲ್, ತಲೆ ಪೂರ್ತಿ ನರೆತಿದೆ. ಅವಳು ಅಪ್ಪನಿಗಿಂತಲೂ ಎತ್ತರ.

"ಕ್ರೇನಕ್ಕಾ, ಇದು ನಿನ್ನ ಹೊಸ ಮಾಡೆಲ್ಲು" ಅಂದಳು ಸೊಳ್ಳೆ. ನಾನು ಅವಳ ಕಡೆ ನೋಡಿದ ರೀತಿಗೆ ಫೋನು ಒಳಗಿಟ್ಟಳು.

ಅಮ್ಮ ಮನೆಯಲ್ಲಿ ಹಸಿ ಬಾಳೆಕಾಯಿ ಸುಲಿಯುತ್ತಿದ್ದಳು. ಹೇಳಿದೆ. ಚಾಕು ನಿಲ್ಲಿಸಲೂ ಇಲ್ಲ.

"ಒಬ್ಬಳು ಮಗಳಿದ್ದಾಳೆ ಅಂತ ಗೊತ್ತಿತ್ತು. ಗುದ್ದಾಡ್ತಾಳೆ ಅಂತ ಗೊತ್ತಿರ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅಪ್ಪನ ಬಗ್ಗೆ ಒಳ್ಳೇದಷ್ಟೇ ಕೇಳ್ತಿದ್ದೆ. ಅದರಲ್ಲಿ ಹೇಳೋಕೆ ಜಾಸ್ತಿ ಏನಿರ್ಲಿಲ್ಲ ಕಣೇ."

ಜನವರಿ ೧೭, ಶುಕ್ರವಾರ

ಅಪ್ಪ ಅವಳಿಗೆ ನಾಲ್ಕು ಬೆರಳು ಹೆಚ್ಚು ಎತ್ತರ ಕೊಟ್ಟಿದ್ದಾನೆ. ಅನ್ಯಾಯ. ಹಿರಿಯವಳು ನಾನು.

ಜನವರಿ ೨೧, ಮಂಗಳವಾರ

ಮೈಯೆಲ್ಲ ನೋವು. ಎದುರಾಳಿಯ ಎತ್ತರಕ್ಕೆ ಸರಿಯಾಗಲಿ ಅಂತ ಪ್ರೊಫೆ ಬಂದರಿನಿಂದ ಉಬಾಲ್ಡೋನನ್ನು ಕರೆಸಿದ್ದಾರೆ. ಅವನು ಲಾರಿ ಹತ್ತುವಾಗಲೂ ಬಗ್ಗಿ ಹತ್ತುವ ಆಸಾಮಿ. ನಾನು ಎಂದಿನಂತೆ ಎಡಗೈ ಚಾಚಿದೆ, ಅದು ಅವನ ಗಲ್ಲಕ್ಕೆ ಒಂದು ಗೇಣು ಮೊದಲೇ ನಿಂತಿತು. ಅವನದು ನನ್ನ ಮೂಗಿನ ಮೇಲೆ ನಿಂತಿತು. ಮತ್ತೆ ಚಾಚಿದೆ, ಮತ್ತೆ ಅದೇ. ಇಷ್ಟು ವರ್ಷ ಊರ ಹುಡುಗಿಯರಿಗೆ ಹಂಚಿದ್ದನ್ನೆಲ್ಲ ಒಂದೇ ಸಂಜೆ ಬಡ್ಡಿ ಸಮೇತ ವಾಪಸು ಪಡೆದೆ.

"ಕೋಪ ಮಾಡ್ಕೋಬೇಡ ಅಕ್ಕಾ, ನಿನ್ನ ಮೂಗು ಮುರಿದು ಈ ಕೆಲಸ ಕಳ್ಕೋಬಾರ್ದು ಅಂತ ಮೆಲ್ಲಗೇ ಹೊಡೀತಿದೀನಿ" ಅಂದ ಉಬಾಲ್ಡೋ. ಮೆಲ್ಲಗಂತೆ.

ಪ್ರೊಫೆ ಜಿಮ್ಮಿನ ಈ ಗೋಡೆಯಿಂದ ಆ ಗೋಡೆಗೆ ನನ್ನ ಕುತ್ತಿಗೆಯ ಮಟ್ಟಕ್ಕೆ ಹಗ್ಗ ಕಟ್ಟಿದರು. ಹಗ್ಗದ ಕೆಳಗೆ ಈ ಕಡೆಯಿಂದ ಆ ಕಡೆ ನುಸುಳುತ್ತಾ ಮುಂದೆ ಹೋಗಬೇಕು.

"ಇದು ಗಿಡ್ಡರ ಪಾಠ ಪ್ರೊಫೆ."

"ಅವಳ ಮುಂದೆ ನೀನೇನು ಮತ್ತೆ? ಗಿಡ್ಡಿ. ಬಗ್ಗು."

ಬಗ್ಗಿದೆ. ಸೊಂಟ ಕಟಕ್ ಅಂದಿತು. ಸೊಳ್ಳೆ ಹತ್ತಿರ ಬಂದು, "ಸೊಂಟ ಬಗ್ಗಿಸ್ಬೇಡ, ಮಂಡಿ ಬಗ್ಗಿಸು" ಅಂದಳು. ನಿನ್ನ ಕೆಲಸ ನೋಡಿಕೋ ಅಂದೆ. ತಪ್ಪಿಸಿಕೊಳ್ಳುವುದನ್ನು ಕಲಿಯಲು ನಾನು ಕೈಗೆ ಗ್ಲೌಸು ಹಾಕಿದ್ದಲ್ಲ.

ಜನವರಿ ೨೬, ಭಾನುವಾರ

ನಿನ್ನೆ ಮಾನ ಹೋಯಿತು. ಬರೆದು ಹಗುರಾಗುತ್ತೇನೆ.

ಕೊಂಗೋ ಕುಣಿತದಾಟದ ದಿನಗಳು ಶುರುವಾಗಿವೆ. ಕಾರ್ನಿವಲ್ ಮುಗಿಯುವವರೆಗೂ ನಮ್ಮ ಬೀದಿಯಲ್ಲಿ ಡೋಲು ನಿಲ್ಲುವುದಿಲ್ಲ. ಅಮ್ಮ ಶಾಲೆಯಲ್ಲಿ ಅಡುಗೆ ಮಾಡಿ ಬಂದವಳೇ ತುಂಡು ಬಟ್ಟೆ ಸೇರಿಸಿ ಹೊಲಿದ ದೊಡ್ಡ ಘೇರಿನ ಲಂಗ ಉಟ್ಟು, ಬರಿಗಾಲಲ್ಲಿ ತಾಳೆಗರಿ ಚಪ್ಪರಕ್ಕೆ ಓಡುತ್ತಾಳೆ. ನಾನು ಯಾವತ್ತೂ ಕುಣಿದವಳಲ್ಲ. ಲಂಗ ನನ್ನ ಮೊಣಕಾಲಿಗೆ ಬರುತ್ತದೆ. ಅದಲ್ಲದೆ ಕುಣಿತ ಗಿಡ್ಡ ಹೆಂಗಸರಿಗೆ ಚೆಂದ ಅಂತ ನನ್ನ ಅಭಿಪ್ರಾಯ. ಆದರೆ ನಿನ್ನೆ ಅವರ ಗುಂಪಿನಲ್ಲಿ ಒಬ್ಬಾಕೆಗೆ ಕಾಲು ಉಳುಕಿತ್ತು, ಅಮ್ಮ ನನ್ನನ್ನು ಎಳೆದು ನಡುವೆ ನಿಲ್ಲಿಸಿದಳು.

ಆಟ ಎಲ್ಲರಿಗೂ ಗೊತ್ತಿದ್ದದ್ದೇ. ಗಂಡಸು ಮುತ್ತು ಕದಿಯಲು ಬರುತ್ತಾನೆ, ಹೆಂಗಸು ಸಿಗಬಾರದು. ನನ್ನ ಮೇಲೆ ಬಂದವರು ಮುಖಕ್ಕೆ ಇದ್ದಿಲು ಬಳಿದುಕೊಂಡು, ಕೋಟನ್ನು ಒಳಹೊರಗು ಮಾಡಿ ಹಾಕಿಕೊಂಡ ಪ್ರೊಫೆ! ನಾನು ಅಭ್ಯಾಸಬಲದಿಂದ ಎಡಗೈ ಚಾಚಿದೆ. ಅರವತ್ತೆಂಟರ ಮುದುಕರು ಅದರ ಕೆಳಗೆ ನುಸುಳಿ ಕೆನ್ನೆಗೆ ಲೊಚ್ಚನೆ ಕೊಟ್ಟೇಬಿಟ್ಟರು. ಕೆನ್ನೆ ಪೂರ್ತಿ ಇದ್ದಿಲು. ಹಾಡುತ್ತಿದ್ದ ಹೆಂಗಸರು ನಕ್ಕು ನಕ್ಕು ತಾಳ ತಪ್ಪಿದರು. "ಕ್ರೇನು ಬಿತ್ತು!" ಅಂತ ಯಾರೋ ಕೂಗಿದರು.

ಆಮೇಲೆ ಅಮ್ಮ ಇಳಿದಳು.

ಅವಳು ಕುಣಿಯುವುದನ್ನು ಹುಟ್ಟಿದಾಗಿನಿಂದ ಕಂಡಿದ್ದೇನೆ, ಆದರೆ ನೋಡಿದ್ದು ನಿನ್ನೆಯೇ ಇರಬೇಕು. ಪ್ರೊಫೆ ಎಡಕ್ಕೆ ಬಂದರು, ಅಮ್ಮ ಅಲ್ಲಿರಲಿಲ್ಲ. ಬಲಕ್ಕೆ ಬಂದರು, ಅಲ್ಲಿಯೂ ಇರಲಿಲ್ಲ. ಓಡಲೂ ಇಲ್ಲ ಅವಳು. ಮುತ್ತು ಗಾಳಿಗೆ ಹೋಗುವಷ್ಟು ಮಾತ್ರ ಸರಿಯುತ್ತಿದ್ದಳು, ಲಂಗದ ಅಂಚು ಅವರ ಮೂಗಿನ ಕೆಳಗೇ ಬೀಸುತ್ತಿತ್ತು. ಕೊನೆಗೆ ಪ್ರೊಫೆ ಮಂಡಿ ಹಿಡಿದು ಏದುಸಿರು ಬಿಡುತ್ತಾ ನಿಂತರು. ಅಮ್ಮನ ಹಣೆಯ ಮೇಲೆ ಬೆವರಿಲ್ಲ. ಬೆನ್ನು ತಿರುಗಿಸಿ ಒಂದು ಸುತ್ತು ತಿರುಗಿ, ಇನ್ನೂ ಬೇಕಾ ಅಂತ ನಕ್ಕಳು.

ಮನೆಗೆ ಬರುವಾಗ, "ಯಾವ ಕಡೆ ಬರ್ತಾರೆ ಅಂತ ನಿಂಗೆ ಹೇಗಮ್ಮ ಗೊತ್ತಾಗುತ್ತೆ?" ಅಂದೆ.

"ಮುಖ ನೋಡ್ಬಾರ್ದು. ಮುಖ ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ."

"ಮತ್ತೆ ತಪ್ಪಿಸ್ಕೊಳ್ಳೋಕೆ ದೂರ ಹೋಗ್ಬೇಕಲ್ವಾ? ನೀನು ಹತ್ರನೇ ಇದ್ದೆಯಲ್ಲ."

"ದೂರ ಓಡಿದ್ರೆ ಅವನು ಬರೋದೇ ಬಿಟ್ಬಿಡ್ತಾನೆ. ಆಟ ಎಲ್ಲಿ ಉಳೀತು? ಸಿಕ್ಕೇ ಬಿಟ್ಳು ಅನ್ನೋಷ್ಟು ಹತ್ರ ಇರ್ಬೇಕು."

ಜನವರಿ ೨೭, ಸೋಮವಾರ

ಪ್ರೊಫೆಗೆ ಕೇಳಿದೆ, ಅಮ್ಮನಿಗೆ ಎಂದಾದರೂ ಮುತ್ತು ಕೊಟ್ಟಿದ್ದೀರಾ ಅಂತ.

"ಮೂವತ್ತು ವರ್ಷದಿಂದ ಪ್ರಯತ್ನ ಮಾಡ್ತಿದೀನಿ" ಅಂದರು, ನಾಚಿಕೊಂಡರೋ ಏನೋ, ಇದ್ದಿಲು ಪೂರ್ತಿ ಹೋಗಿರಲಿಲ್ಲ. "ರಿಂಗಲ್ಲಿ ನನ್ನನ್ನ ಸುಸ್ತು ಮಾಡಿದ ಗಂಡಸು ಯಾವನೂ ಇಲ್ಲ. ನಿಮ್ಮಮ್ಮ ಒಬ್ಬಳೇ. ಗುದ್ದು ಬಿದ್ರೆ ಕೈ ಅಲ್ಲೇ ನಿಲ್ಲುತ್ತೆ, ಅರ್ಥ ಆಯ್ತಾ? ತಪ್ಪಿದ್ರೆ ಇಡೀ ಮೈ ಹಿಂದೆ ಹಿಂದೆ ಹೋಗುತ್ತೆ. ಅದನ್ನ ಎಳ್ಕೊಂಡು ವಾಪಸು ಬರ್ಬೇಕು. ಉದ್ದ ಕೈ ಇದ್ರೆ ಎಳ್ಕೊಂಡು ಬರೋ ದಾರೀನೂ ಉದ್ದ."

ಇದನ್ನು ಎಂಟು ವರ್ಷದಿಂದ ಯಾಕೆ ಹೇಳಲಿಲ್ಲ ಅಂದೆ. ಪ್ರತಿ ಸೋಮವಾರ ಹೇಳಿದ್ದಾರಂತೆ. ನಾನು ಮಾತಾಡುತ್ತಿದ್ದೆನಂತೆ.

ಫೆಬ್ರವರಿ ೨, ಭಾನುವಾರ

ಈ ವಾರ ಬರೆಯಲು ಕೈ ಬರಲಿಲ್ಲ, ತೊಡೆನೋವಿನದೇ ದರ್ಬಾರು. ಸೊಳ್ಳೆಯನ್ನು ಕರೆದು, ಮಂಡಿ ಬಗ್ಗಿಸುವುದು ಹೇಗೆ ತೋರಿಸು ಅಂದೆ. ಅವಳು ಕುಣಿದಾಡಿಬಿಟ್ಟಳು. "ಮೊದ್ಲು ಪ್ಲೀಸ್ ಅನ್ನು" ಅಂದಳು. ಅಂದೆ. ಇನ್ನೊಂದು ಸಲ ಅನ್ನು ಅಂದಳು, ಅದಕ್ಕೆ ತಲೆಗೆ ಒಂದು ಮೊಟಕಿದೆ. ಅದು ಅವಳ ತಲೆಗೆ ತಗಲಲಿಲ್ಲ.

ಬೆಳಗ್ಗೆ ಹಗ್ಗದ ಕೆಳಗೆ ಸುಲೈಕಾ ಜತೆ, ಸಂಜೆ ಚಪ್ಪರದಲ್ಲಿ ಅಮ್ಮನ ಜತೆ. ಕುಣಿತದಲ್ಲಿ ಈಗ ಹತ್ತು ಸಲಕ್ಕೆ ಆರು ಸಲವಾದರೂ ಮುತ್ತು ತಪ್ಪಿಸುತ್ತೇನೆ. ಮೀನು ಮಾರುವ ಕೆರುಬಿನೋ ಇವತ್ತು ಆಯ ತಪ್ಪಿ ಡೋಲಿನ ಮೇಲೇ ಬಿದ್ದ. ಅವನ ಸೊಂಟ ಎರಡು ಕ್ಷಣ ಮೊದಲೇ ಹೇಳಿತ್ತು. ಇಷ್ಟು ದಿನ ಜನರ ಸೊಂಟ ಇಷ್ಟೊಂದು ವಾಚಾಳಿ ಅಂತ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಯಾರು ಯಾವ ಸ್ಟಾಪಿನಲ್ಲಿ ಇಳಿಯಲು ಎದ್ದು ನಿಲ್ಲುತ್ತಾರೆ ಅಂತ ಈಗ ನನಗೆ ಮೊದಲೇ ತಿಳಿಯುತ್ತದೆ.

ಫೆಬ್ರವರಿ ೮, ಶನಿವಾರ

ಎಡವಟ್ಟು. ಉಬಾಲ್ಡೋನ ಎಡಗೈ ತಪ್ಪಿಸಿದೆ, ಬಲಗೈ ತಪ್ಪಿಸಿದೆ, ಖುಷಿಯಲ್ಲಿ ಡೋಲು ಕೇಳಿಸಿತೋ ಏನೋ, ಬೆನ್ನು ತಿರುಗಿಸಿ ಗಿರ್ರನೆ ಒಂದು ಸುತ್ತು ತಿರುಗಿಬಿಟ್ಟೆ. ಇಲ್ಲದ ಲಂಗ ಬೀಸಿದೆ ಕೂಡ. ಉಬಾಲ್ಡೋ ಬಾಯಿ ಬಿಟ್ಟುಕೊಂಡು ನಿಂತ.

ಪ್ರೊಫೆ ಟವೆಲು ನೆಲಕ್ಕೆ ಬಡಿದರು. "ರಿಂಗಲ್ಲಿ ಬೆನ್ನು ತೋರಿಸ್ತಾರೇನೇ? ರೆಫ್ರಿ ಅಂಕ ಕಿತ್ಕೋತಾನೆ! ಕುಣಿತದಿಂದ ಎಲ್ಲಾ ತಗೋ, ಅದೊಂದು ಬಿಡು!"

ಅಮ್ಮನಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. "ಸುತ್ತು ತಿರುಗದೆ ಇದ್ರೆ ಅದ್ಯಾವ ಕುಣಿತ? ತಪ್ಪಿಸ್ಕೊಂಡಿದ್ದು ಅವನಿಗೆ ಗೊತ್ತಾಗೋದು ಹೇಗೆ? ನಿಮ್ಮ ಆಟದ ಕಾನೂನು ಮಾಡಿದವರಿಗೆ ಲಂಗ ಉಟ್ಟು ಗೊತ್ತಿಲ್ಲ."

ಇಬ್ಬರ ಮಧ್ಯೆ ನನ್ನ ಕಾಲು ಯಾರ ಮಾತು ಕೇಳಬೇಕು?

ಫೆಬ್ರವರಿ ೧೩, ಗುರುವಾರ

ಅಪ್ಪ ಫೋನು ಮಾಡಿದ!!

ಮಧ್ಯಾಹ್ನ ಬಂದರಿನಲ್ಲಿದ್ದೆ. ಗೊತ್ತಿಲ್ಲದ ನಂಬರು. "ಮಾರಿ, ನಾನು ಕಣೇ, ಅಪ್ಪ" ಅಂದ. ಕೂಡಲೇ ಗುರುತು ಹಿಡಿದೆ, ದನಿ ಹಾಗೇ ಇದೆ, ದಪ್ಪ. ಕಂಟೇನರಿನ ನೆರಳಿನಲ್ಲಿ ಕೂತುಬಿಟ್ಟೆ. ಎಷ್ಟೋ ಹೊತ್ತು ಮಾತಾಡಿದೆವು. ಮಾತಾಡಿದ್ದೆಲ್ಲ ನಾನೇ ಇರಬೇಕು. ನನ್ನ ಪಂದ್ಯಗಳ ಬಗ್ಗೆ ಎಲ್ಲ ಗೊತ್ತಂತೆ, ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ ಇಟ್ಟಿದ್ದಾನಂತೆ. ನನ್ನ ಇಬ್ಬರು ಹುಡುಗೀರೂ ಒಂದೇ ರಿಂಗಲ್ಲಿ, ನಾನೆಷ್ಟು ಪುಣ್ಯವಂತ ನೋಡು, ಅಂದ. ಆಯ್ಕೆಗೆ ಬರುತ್ತಾನಂತೆ. ಬಂದೇ ಬರುತ್ತಾನಂತೆ.

ಭುಜ ಹೇಗಿದೆ, ಮಂಡಿ ಹೇಗಿದೆ ಅಂತ ಎಷ್ಟು ಪ್ರೀತಿಯಿಂದ ಕೇಳಿದ. ಎಲ್ಲ ಹೇಳಿದೆ. ಎಡಗೈ ಚಾಚಿದ ಮೇಲೆ ವಾಪಸು ಬರುವಾಗ ಕೆಳಗಿಳಿಯುತ್ತದೆ, ಪ್ರೊಫೆ ಇನ್ನೂ ಬೈಯುತ್ತಾರೆ ಅಂತಲೂ ಹೇಳಿದೆ. "ನಾನು ಗುದ್ದಾಡೋ ಕಾಲದಲ್ಲಿ ನಂದೂ ಹಾಗೇ ಇತ್ತು ಕಣೇ" ಅಂತ ನಕ್ಕ. ನನ್ನ ತಪ್ಪು ಕೂಡ ಅವನದೇ! ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಅಮ್ಮ ತೆಂಗಿನ ಹಾಲಿನ ಅನ್ನಕ್ಕೆ ತೊಗರಿಕಾಳು ಹಾಕುತ್ತಿದ್ದಳು. ಸುದ್ದಿ ಕೇಳಿ, "ಅವಳಿಗೂ ಫೋನ್ ಮಾಡಿ ಮಂಡಿ ವಿಚಾರಿಸಿರ್ತಾನಾ?" ಅಂದಳು, ಅಷ್ಟೇ. ಅವರು ಒಂದೇ ಮನೆಯಲ್ಲಿದ್ದಾರಲ್ಲಮ್ಮ, ಫೋನು ಯಾಕೆ ಬೇಕು ಅಂದೆ. ಅಮ್ಮನಿಗೆ ಸ್ವಲ್ಪ ಹೊಟ್ಟೆಕಿಚ್ಚು ಅಂತ ಕಾಣುತ್ತದೆ.

ಫೆಬ್ರವರಿ ೧೪, ಶುಕ್ರವಾರ

ಪ್ರೊಫೆಗೂ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಮೂಗು ತಿಕ್ಕಿಕೊಂಡರು.

ಫೆಬ್ರವರಿ ೧೮, ಮಂಗಳವಾರ

ಉಬಾಲ್ಡೋ ಇವತ್ತು ನನ್ನನ್ನು ಮುಟ್ಟಲಿಲ್ಲ. ಕೊನೆಯ ಸುತ್ತಿನಲ್ಲಿ ಹಗ್ಗ ಹಿಡಿದು ನಿಂತು, "ಅಕ್ಕಾ, ನೀನು ಇಲ್ಲೇ ಇದ್ದೀಯ, ಆದ್ರೆ ಇಲ್ಲ" ಅಂದ, ಪಾಪ. ಅವನ ಕೈ ಬರುವುದು ಈಗ ನನಗೆ ತೆರೆ ಬಂದಂತೆ ಕಾಣುತ್ತದೆ, ದೂರದಿಂದಲೇ. ತೆರೆಯ ಕೆಳಗೆ ಮುಳುಗಿ ಆಚೆ ಎದ್ದಾಗ ಅವನ ಪಕ್ಕೆಲುಬು ನನ್ನ ಮುಂದೆ ಖಾಲಿ ನಿಂತಿರುತ್ತದೆ. ಮೊದಲು ಗೆದ್ದಾಗ ಖುಷಿಯಾಗುತ್ತಿತ್ತು. ಈಗ ಗಂಟೆ ಬಾರಿಸಿದ ಕೂಡಲೇ ಖುಷಿ.

ಸುಲೈಕಾಗೆ ತನ್ನ ತೂಕದ ಆಯ್ಕೆಯಲ್ಲಿ ನನಗಿಂತ ಮೊದಲೇ ಪಂದ್ಯ. ಹೆದರಿಕೆಯಾದಾಗ ಅವಳು ಉಗುರು ಕಚ್ಚುತ್ತಾಳೆ ಅಂತ ಮೊನ್ನೆ ಗಮನಿಸಿದೆ. ಬಸ್ಸಿನಲ್ಲಿ ಅವಳ ಪಕ್ಕ ಕೂರಬೇಕು, ಕೈ ಹಿಡಿದುಕೊಳ್ಳಲು.

ಫೆಬ್ರವರಿ ೨೧, ಶುಕ್ರವಾರ

ತೂಕಕ್ಕಾಗಿ ಒಂದು ಮೊಟ್ಟೆ, ಅರ್ಧ ಸೌತೆಕಾಯಿ. ಪಕ್ಕದ ಮನೆಯವರು ಉಬ್ಬಿದ ಮೈದಾ ಓಹಾಲ್ದ್ರೆ ಕರಿಯುತ್ತಿದ್ದಾರೆ. ಬೇಕೆಂದೇ ಕರಿಯುತ್ತಿದ್ದಾರೆ.

ಅಮ್ಮ ನಾಳೆ ಬರುತ್ತಾಳಂತೆ. ನಾನು ಹೊಡೆತ ತಿನ್ನುವುದನ್ನು ನೋಡಲಾಗುವುದಿಲ್ಲ ಅಂತ ಒಂದು ಪಂದ್ಯಕ್ಕೂ ಬಂದವಳಲ್ಲ. ಈಗ ಯಾಕೆ ಅಂದರೆ, "ಈಗ ತಿನ್ನಲ್ವಲ್ಲ" ಅಂದಳು.

ಫೆಬ್ರವರಿ ೨೩, ಭಾನುವಾರ

ಬೆಳಗಾಗಿದೆ. ಅಮ್ಮ ಮಾಡಿಕೊಟ್ಟ ಮೂರನೇ ಓಹಾಲ್ದ್ರೆ ತಿನ್ನುತ್ತಾ ಬರೆಯುತ್ತಿದ್ದೇನೆ, ಹಾಳೆಗೆ ಎಣ್ಣೆ ತಾಗಿದರೆ ತಾಗಲಿ.

ಸುಲೈಕಾ ಗೆದ್ದಳು. ಅದನ್ನು ಮೊದಲು ಬರೆಯಬೇಕು, ಅವಳು ಅಷ್ಟು ಚೆನ್ನಾಗಿ ಆಡಿದಳು.

ಆಮೇಲೆ ನಾನು. ವೆರೋನಾ ರಿಂಗಿನ ಹಗ್ಗವನ್ನು ದಾಟಿದ್ದು ನಾವು ಹೊಸ್ತಿಲು ದಾಟುವ ಹಾಗೆ. ಹತ್ತಿರದಿಂದ ಚಿಕ್ಕ ಹುಡುಗಿಯ ಮುಖ. ಕೈ ತಾಗಿಸುವಾಗ, "ಹಲೋ ಅಕ್ಕ" ಅಂದಳು ಮೆಲ್ಲಗೆ. ನನಗೆ, ಮಾತು ಸಿಗಲಿಲ್ಲ!

ಅಪ್ಪ ಬಂದಿದ್ದ. ರಿಂಗಿಗೆ ಅಂಟಿಕೊಂಡ ಹಾಗೆ, ಅವಳ ಮೂಲೆಯ ಪಕ್ಕ, ಬೋಕಾಸ್ ತಂಡದ ಅಂಗಿ ಹಾಕಿಕೊಂಡು ನಿಂತಿದ್ದ. ಇರಲಿ, ಅವಳ ಜತೆ ಬಂದವನಲ್ಲವೇ ಅಂದುಕೊಂಡೆ. ಮೊದಲ ಸುತ್ತಿನಲ್ಲಿ ಅವನ ಕಡೆ ಒಂದು ಕಣ್ಣಿಟ್ಟೇ ಆಡಿದೆ. ಎಡಗೈ ಚಾಚಿದೆ, ವಾಪಸು ಬರುವಾಗ ಅದರ ಮೇಲಿಂದ ಅವಳ ಬಲಗೈ ಬಂದು ನನ್ನ ದವಡೆಗೆ ಬಿತ್ತು. ಮತ್ತೊಮ್ಮೆ. ಆಗ ಅಪ್ಪನ ದಪ್ಪ ದನಿ ಕೇಳಿಸಿತು.

"ಕೆಳಗೆ ಬರುತ್ತೆ ನೋಡು! ಎಡಗೈ ಕೆಳಗೆ ಬರುತ್ತೆ! ಹೇಳಿದ್ನಲ್ಲ ನಿಂಗೆ, ಹೊಡಿ!"

ಗುದ್ದಿಗಿಂತ ಅದು ನೋವಾಯಿತು. ಸುತ್ತು ಅವಳ ಪಾಲಾಯಿತು. ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತಾಗ ನಾನು ಅಳುತ್ತಿದ್ದೆ, ಬೆವರು ಅಂದುಕೊಳ್ಳಲಿ ಅಂತ ಪ್ರೊಫೆ ನೀರು ಸುರಿದರು.

"ನಾನೇ ಹೇಳ್ದೆ ಪ್ರೊಫೆ. ಫೋನಲ್ಲಿ."

"ಗೊತ್ತು. ಆಗಿದ್ದಾಯ್ತು. ಈಗ ಕೇಳು. ಅವರಿಗೆ ನಿನ್ನ ಬಗ್ಗೆ ಗೊತ್ತಿರೋದು ಅದೊಂದೇ. ಎಡಗೈ ಇನ್ನೂ ಕೆಳಗಿಳಿಸು. ಬೇಕಂತಲೇ. ಲಂಗ ತೋರಿಸು, ಅವಳು ಬರ್ಲಿ."

ಎರಡನೇ ಸುತ್ತಿನಲ್ಲಿ ಎಡಗೈಯನ್ನು ಸೊಂಟದವರೆಗೆ ಬಿಟ್ಟು ನಿಂತೆ. "ಹೊಡಿ!" ಅಂದ ಅಪ್ಪ. ವೆರೋನಾಳ ಸೊಂಟ ಹೇಳಿತು, ಬಲಗೈ ಬಂತು, ನಾನು ಅಲ್ಲಿರಲಿಲ್ಲ. ಅವಳ ಉದ್ದ ಮೈ ಕೈಯ ಹಿಂದೆ ಹೋಯಿತು, ಅದೆಲ್ಲಾ ವಾಪಸು ಬರುವಷ್ಟರಲ್ಲಿ ಪಕ್ಕೆಗೆ ಎರಡು ಕೊಟ್ಟು ಎದ್ದಿದ್ದೆ. ಮತ್ತೆ ಎಡಗೈ ಕೆಳಗೆ, ಮತ್ತೆ ಅಪ್ಪನ ಕೂಗು, ಮತ್ತೆ ಗಾಳಿ. ಅವಳು ನಂಬುತ್ತಿದ್ದುದು ಅಪ್ಪನನ್ನು, ಪಾಪ. ಎಷ್ಟು ಸಲ ತಪ್ಪಿದರೂ ಅವನು ಹೇಳಿದ್ದನ್ನೇ ಮಾಡುತ್ತಿದ್ದಳು. ಗಂಟೆ ಬಾರಿಸುವಾಗ ಅವಳ ಬಾಯಿ ತೆರೆದಿತ್ತು, ಮೂಗಿನಿಂದ ರಕ್ತ ಇಳಿದಿತ್ತು.

ಮೂರನೇ ಸುತ್ತಿನಲ್ಲಿ ಅದೇನಾಯಿತೋ. ನೋಡಲು ಕೂತಿದ್ದ ಹೆಂಗಸರ ನಡುವಿನಿಂದ ಚಪ್ಪಾಳೆ ಕೇಳಿಸಿತು, ನಮ್ಮ ಚಪ್ಪರದ ತಾಳ. ಅಮ್ಮನೇ ಶುರು ಮಾಡಿದ್ದು. ಒಂದು ತಪ್ಪಿಸಿದೆ, ಎರಡು ತಪ್ಪಿಸಿದೆ, ಮೂರು. ಕಾಲಿಗೆ ಪ್ರೊಫೆ ಹೇಳಿದ್ದು ನೆನಪಾಗಲೇ ಇಲ್ಲ. ಬೆನ್ನು ತಿರುಗಿಸಿ ಗಿರ್ರನೆ ತಿರುಗಿಬಿಟ್ಟೆ.

ರೆಫ್ರಿ ಪಂದ್ಯ ನಿಲ್ಲಿಸಿ ಒಂದು ಅಂಕ ಕಿತ್ತುಕೊಂಡ. ಪ್ರೊಫೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬೋಕಾಸಿನವರ ಗದ್ದಲದ ನಡುವೆ ಅಮ್ಮನ ಸಣ್ಣ ದನಿ ಬಂತು, "ದೂರ ಹೋಗ್ಬೇಡ್ವೇ! ಅಲ್ಲೇ ಇರು!"

ಹೆದರಿಕೆಗೆ ದೂರ ಸರಿಯಬೇಕು ಅಂತಲೇ ಇದ್ದೆ. ಸರಿಯಲಿಲ್ಲ. ಅವಳ ಎದೆಯ ಹತ್ತಿರವೇ ಇದ್ದು ಬಾಗಿದೆ, ಜಾರಿದೆ, ನುಸುಳಿದೆ. ಅವಳ ಕೈ ಕೊನೆಗೆ ಎತ್ತಲಾಗದೆ ಇಳಿಯಿತು. ಆಗ ಮಾತ್ರ ನನ್ನ ಎಡಗೈ ಚಾಚಿದೆ. ಅದು ಈಗ ಸರಿಯಾಗಿ ತಲುಪುತ್ತಿತ್ತು.

ಐವರು ತೀರ್ಪುಗಾರರಲ್ಲಿ ಮೂವರು ನನ್ನ ಕಡೆ. ರೆಫ್ರಿ ನನ್ನ ಕೈ ಎತ್ತಿದ. ಅಲ್ಲಿಂದ ಮುಂದೆ ಏನೂ ಕೇಳಿಸಲಿಲ್ಲ, ಸುಲೈಕಾ ಕಿರುಚಿದ್ದನ್ನು ಬಿಟ್ಟು.

ರಿಂಗಿನಿಂದ ಇಳಿದೆ. ಜನರನ್ನು ಸರಿಸಿಕೊಂಡು ಅಪ್ಪ ಬಂದ. ಎರಡೂ ತೋಳು ಅಗಲ ಮಾಡಿಕೊಂಡು, ಆ ಉದ್ದ ತೋಳು. "ನನ್ನ ಮಗಳು! ನೋಡಿ, ನನ್ನ ರಕ್ತ! ಆ ಕೈ ನೋಡಿ!" ಅಂತ ಎಲ್ಲರಿಗೂ ಕೇಳುವಂತೆ ಹೇಳುತ್ತಾ ಬಂದ. ಏಳು ವರ್ಷದವಳಾಗಿದ್ದಾಗಿನಿಂದ ನಾನು ಕಾದದ್ದು ಇದೇ ಕ್ಷಣಕ್ಕೆ. ನಾನೂ ಒಂದು ಹೆಜ್ಜೆ ಮುಂದಿಟ್ಟೆ, ದೇವರಾಣೆಗೂ. ತೋಳು ಮುಚ್ಚಿಕೊಳ್ಳುವಷ್ಟರಲ್ಲಿ ಮಂಡಿ ಬಗ್ಗಿತು. ಕೆಳಗಿಂದ ನುಸುಳಿ ಆಚೆ ಎದ್ದು ನಿಂತಿದ್ದೆ.

ಅಪ್ಪನ ತೋಳಿಗೆ ಸಿಕ್ಕವರು ನನ್ನ ಹಿಂದೆ ಬರುತ್ತಿದ್ದ ಪ್ರೊಫೆ, ಬಕೆಟ್ಟು ಸಮೇತ. ಪೂರ್ತಿ ನೀರು ಬೋಕಾಸ್ ಅಂಗಿಯ ಮೇಲೆ. ಜನ ಹೋ ಅಂತ ನಕ್ಕರು. ಮೂಗಿಗೆ ಹತ್ತಿ ತುರುಕಿಕೊಂಡು ಕೂತಿದ್ದ ವೆರೋನಾ ಕೂಡ ನಕ್ಕಳು, ಹತ್ತಿ ಹಾರಿಹೋಯಿತು.

ಅಪ್ಪ ತಿರುಗಿದ. ನಾನು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ನನ್ನನ್ನು ನೋಡಿದ, ಅಂಗಿ ಹಿಂಡಿಕೊಂಡ, "ಇರ್ಲಿ, ಇರ್ಲಿ, ಚೆನ್ನಾಗಿ ಆಡ್ದೆ" ಅಂದು ಫೋಟೋದವರ ಕಡೆ ಹೋದ.

ಒಳಗೆ ಡ್ರೆಸ್ಸಿಂಗ್ ರೂಮಿನಲ್ಲಿ ವೆರೋನಾ ಒಬ್ಬಳೇ ಕೂತು ಕೈಪಟ್ಟಿಯ ಗಂಟನ್ನು ಹಲ್ಲ‌ಲ್ಲಿ ಬಿಚ್ಚುತ್ತಿದ್ದಳು. ಪಕ್ಕ ಕೂತು ಬಿಚ್ಚಿಕೊಟ್ಟೆ. ಮೂಗು ಮುರಿದಿಲ್ಲ, ಊದಿದೆ ಅಷ್ಟೇ.

"ಅಪ್ಪ ಬರ್ಲಿಲ್ವಾ?" ಅಂದೆ.

"ಗೆದ್ದಾಗ ಬರ್ತಾನೆ" ಅಂದಳು, ಬಸ್ಸಿನ ವೇಳೆ ಹೇಳುವ ಹಾಗೆ. ಆಮೇಲೆ, "ಅಕ್ಕ, ನೀನು ಎಲ್ಲಿಗೆ ಹೋಗ್ತಿದ್ದೆ? ನಂಗೆ ಕಾಣಿಸ್ತಾನೇ ಇರ್ಲಿಲ್ಲ" ಅಂದಳು. ಕಾರ್ನಿವಲ್‌ಗೆ ಕೊಲೋನ್‌ಗೆ ಬಾ, ಹೇಳಿಕೊಡುವವಳು ಬೇರೆ ಇದ್ದಾಳೆ ಅಂದೆ. ಬರುತ್ತಾಳಂತೆ. ಅವಳಿಗೂ ಲಂಗ ಮೊಣಕಾಲಿಗೇ ಬರುತ್ತದೆ, ನನಗೊಬ್ಬಳು ಜತೆಯಾಯಿತು.

ವಾಪಸು ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಪ್ರೊಫೆ ಸುಲೈಕಾಗೆ, ಈ ವರ್ಷ ಅಮ್ಮನಿಗೆ ಮುತ್ತು ಕೊಟ್ಟೇ ತೀರುತ್ತೇನೆ ಅಂತ ಹೇಳುತ್ತಿದ್ದರು. ಅಮ್ಮ ಕೇಳಿಸಿಕೊಳ್ಳದವಳಂತೆ ಕಿಟಕಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು.

"ಅಷ್ಟು ದೂರದಿಂದ ಬಂದಿದ್ದ. ತಬ್ಕೊಳ್ಳೋಕೆ ಬಿಡ್ಬಹುದಿತ್ತಲ್ಲೇ."

"ನಾನು ತಪ್ಪಿಸ್ಕೊಳ್ಳಲಿಲ್ಲಮ್ಮ, ಮಂಡಿ ತಾನಾಗೇ ಬಗ್ತು. ಅಲ್ಲೇ ನಿಂತಿದ್ನಲ್ಲ ಆಮೇಲೆ." ಕೈಪಟ್ಟಿ ಸುತ್ತಿ ಚೀಲಕ್ಕೆ ಹಾಕಿದೆ. "ಇನ್ನೊಂದು ಸಲ ಬಂದಿದ್ರೆ ಸಿಗ್ತಿದ್ದೆ."